ನಿಲ್ಲಿ ಎಂದಿದ್ದ ಕೈ

ಹ್ಯಾಂಬರ್ಗಿನಿಂದ ರಾತ್ರಿಯಿಡೀ ಓಡಿಬಂದ ರೈಲು ಜರ್ಮನಿಯ ದಕ್ಷಿಣದಂಚಿನ ವೀಸಿಂಗೆನ್ ನಿಲ್ದಾಣದಲ್ಲಿ ನಿಂತಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಲಗುವ ಬೋಗಿಗಳಿಂದ ಜನ ಕೆದರಿದ ತಲೆಯಲ್ಲೇ ಇಳಿದು ಕಾಫಿ ಅಂಗಡಿಯ ಕಡೆ ನಡೆಯುತ್ತಾರೆ. ಅವರ ಕಾರುಗಳನ್ನು ಹೊತ್ತ ಎರಡಂತಸ್ತಿನ ವ್ಯಾಗನ್ನುಗಳನ್ನು ಸಣ್ಣ ಎಂಜಿನ್ನೊಂದು ತಳ್ಳಿಕೊಂಡು ಹೋಗಿ ನಿಲ್ದಾಣದ ಕೊನೆಯ ಇಳಿಜಾರಿಗೆ ಹಚ್ಚುತ್ತದೆ. ಅಲ್ಲಿ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕಾಯುತ್ತಿರುವವರು ಹೆಡ್ವಿಗ್ ಗ್ರೆಥರ್. ಎಡಗಾಲನ್ನು ತುಸು ಎಳೆದು ನಡೆಯುತ್ತಾರೆ. ನಡು ಬಗ್ಗಿಸಿ ಕೆಳ ಅಂತಸ್ತಿನೊಳಗೆ ನುಗ್ಗಿ, ಗಾಲಿಗಳಿಗೆ ಕೊಟ್ಟ ಕಬ್ಬಿಣದ ತಡೆಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಡುತ್ತಾರೆ.

ಇನ್ನೊಂದು ಬದಿಯಿಂದ ಅದೇ ಕೆಲಸ ಮಾಡಿಕೊಂಡು ಬರುವವರು ಮಿರ್ಸಾದ್. ಬೋಸ್ನಿಯಾದಿಂದ ಬಂದು ಇಲ್ಲೇ ಬೇರುಬಿಟ್ಟವರು, ಹೆಡ್ವಿಗ್ ಅವರ ಬಹುಕಾಲದ ಜೊತೆಗಾರ. ಇವತ್ತು ಅರ್ಧದಲ್ಲೇ ತಲೆ ಹೊರಗೆ ಹಾಕಿ ಕೂಗುತ್ತಾರೆ.

"ನಿನ್ನ ಹಸಿರು ಕಪ್ಪೆ ಬಂದಿದೆ ಕಣೇ, ಹೆಡಿ!"

"ನೋಡ್ದೆ."

"ಈ ಸಲನಾದ್ರೂ ಬಾಯಿ ಬಿಡ್ತೀಯೋ, ಇಲ್ಲ ಹೋದ್ವರ್ಷದ ಹಾಗೆ ನುಂಗ್ಕೊಂಡು ಮನೆಗೆ ಹೋಗ್ತೀಯೋ?"

"ಮೊದ್ಲು ತಡೆ ಕೀಳು ಮಾರಾಯ. ಜನ ಕಾಯ್ತಿದಾರೆ."

ಕಪ್ಪೆ ಎಂದರೆ ಒಂದು ಕಾರು. ನೆಲಕ್ಕೆ ಅಂಟಿಕೊಂಡಂತೆ ಕೂತ, ಕಡು ಹಸಿರಿನ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಬೇಸಿಗೆ ಬಂತೆಂದರೆ ಇಂಥವು ಈ ರೈಲಿನಲ್ಲಿ ಸಾಲುಸಾಲಾಗಿ ಬರುತ್ತವೆ. ಆಲ್ಪ್ಸ್ ಬೆಟ್ಟದ ತಿರುವುಗಳಲ್ಲಿ ಕಾರು ಓಡಿಸಿ ಸುಖಪಡುವುದಕ್ಕೆಂದೇ ರಜೆ ಹಾಕಿದವರು, ಬೆಟ್ಟದವರೆಗೆ ಮಾತ್ರ ಕಾರು ಓಡಿಸುವುದಿಲ್ಲ. ಹೆದ್ದಾರಿಯಲ್ಲಿ ಕಲ್ಲು ಸಿಡಿದರೆ ಬಣ್ಣ ಹೋಗುತ್ತದೆ, ಟೈರು ಸುಮ್ಮನೆ ಸವೆಯುತ್ತದೆ. ಹಾಗಾಗಿ ಕಾರನ್ನು ರೈಲಿಗೆ ಹತ್ತಿಸಿ, ತಾವೂ ಮಲಗಿ, ಬೆಳಿಗ್ಗೆ ಇಲ್ಲಿಳಿದು, ಚರ್ಮದ ಕೈಗವಸು ಏರಿಸಿಕೊಂಡು ಸ್ವಿಟ್ಜರ್‌ಲೆಂಡಿನ ಕಡೆ ಹೊರಡುತ್ತಾರೆ. ಹೋಗಲಿ ಬಿಡಿ, ಅವರವರ ಸುಖ ಅವರವರಿಗೆ. ಆದರೆ ಆ ಸುಖ ಗೀರಿಲ್ಲದೆ ನೆಲ ಮುಟ್ಟಬೇಕಾದರೆ ಯಾರೋ ಒಬ್ಬರು ಕತ್ತಲಲ್ಲೆದ್ದು ಬಂದು ಬಗ್ಗಿ ನಿಲ್ಲಬೇಕು ಎನ್ನುವುದು ಅವರ ರಜೆಯ ಫೋಟೋಗಳಲ್ಲಿ ಕಾಣುವುದಿಲ್ಲ.

ಹೆಡ್ವಿಗ್ ಹುಟ್ಟಿದ್ದು ಇದೇ ಕಣಿವೆಯಲ್ಲಿ. ತಾಯಿ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು, ಮಗಳೂ ಅಲ್ಲೇ ಸೇರಿದರು, ಗಿರಣಿ ಮುಚ್ಚಿತು. ಆಮೇಲೆ ಬೇಕರಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ಕೊನೆಗೆ ಈ ಇಳಿಜಾರು. ರೈಲು ಓಡುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಚಳಿಗಾಲವಿಡೀ ಮತ್ತೆ ಬೇಕರಿಯ ಹಿಟ್ಟಿನ ದೂಳು. ಹಾಗೆಂದು ಈ ಕೆಲಸವನ್ನು ಅವರು ಹೊಟ್ಟೆಪಾಡು ಎಂದು ಎಂದೂ ಕರೆದಿಲ್ಲ. ಸಂಜೆ ರೈಲಿಗೆ ಕಾರು ಹತ್ತಿಸುವುದರಲ್ಲಿ ಈ ನಿಲ್ದಾಣದಲ್ಲಿ ಅವರ ಸಮ ಯಾರೂ ಇರಲಿಲ್ಲ ಎಂದು ಮಿರ್ಸಾದ್ ಈಗಲೂ ಎದೆ ತಟ್ಟಿ ಹೇಳುತ್ತಾರೆ.

ಇಳಿಸುವುದು ಸುಲಭ, ಹತ್ತಿಸುವುದೇ ಕೆಲಸ. ಮೊದಲ ಕಾರು ವ್ಯಾಗನ್ನಿನ ಆ ತುದಿಗೆ ಹೋಗಿ ನಿಲ್ಲುತ್ತದೆ. ಅದರ ಹಿಂದೆ ಎರಡನೆಯದು, ಅದರ ಹಿಂದೆ ಮೂರನೆಯದು. ಬರುವ ಕಾರಿಗೂ ನಿಂತ ಕಾರಿಗೂ ನಡುವೆ, ತಗ್ಗು ಸೂರಿನ ಕೆಳಗೆ, ಬೆನ್ನು ಬಗ್ಗಿಸಿ ಹಿಂದಹಿಂದಕ್ಕೆ ನಡೆಯುತ್ತ ಹೋಗುವುದು ಹತ್ತಿಸುವವರು. ಬಿಚ್ಚಿದ ಅಂಗೈ ತಮ್ಮ ಕಡೆ ಎಳೆದುಕೊಂಡರೆ ಬನ್ನಿ ಎಂದರ್ಥ. ಮುಷ್ಟಿ ಕಟ್ಟಿ ಎತ್ತಿದರೆ ನಿಲ್ಲಿ. ಕೊನೆಗೆ ಎರಡು ಕಾರಿನ ನಡುವೆ ಉಳಿಯುವುದು ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ.

"ನಾನು ಎಲ್ಲರಿಗೂ ಒಂದೇ ಮಾತು ಹೇಳ್ತಿದ್ದೆ," ಎನ್ನುತ್ತಾರೆ ಹೆಡ್ವಿಗ್, ಪತ್ರಿಕೆಯವರೆದುರು ಕೂತು ಬೆಣ್ಣೆ ಸವರಿದ ಬ್ರೆಟ್ಸೆಲ್ ರೊಟ್ಟಿ ಮುರಿಯುತ್ತ. "ಕನ್ನಡಿ ನೋಡ್ಬೇಡಿ, ಗೋಡೆ ನೋಡ್ಬೇಡಿ, ಹೆಂಡ್ತಿ ಮಾತು ಕೇಳ್ಬೇಡಿ. ನನ್ನ ಕೈ ನೋಡಿ, ಅಷ್ಟೇ ಸಾಕು. ನನ್ನ ಕೈ ನೋಡಿದೋರ ಕಾರಿಗೆ ಒಂದು ಗೀರು ಬಿದ್ದಿದ್ದು ತೋರ್ಸಿ ನೋಡೋಣ."

ಎರಡು ಬೇಸಿಗೆಯ ಹಿಂದೆ, ರಜೆ ಮುಗಿಸಿ ಹ್ಯಾಂಬರ್ಗಿಗೆ ಮರಳುವವರು ಹತ್ತುವ ಒಂದು ಸಂಜೆ, ಹಸಿರು ಕಾರಿನವರು ನೋಡಲಿಲ್ಲ. ಹತ್ತಿಸುವಾಗ ಕಾರಿನಲ್ಲಿ ಓಡಿಸುವವರ ಹೊರತು ಯಾರೂ ಇರಬಾರದು ಎಂಬುದು ನಿಯಮ. ಅವರ ಪತ್ನಿಯ ಸೊಂಟ ಹಿಡಿದುಕೊಂಡಿತ್ತು, ಇಳಿಯಲು ಒದ್ದಾಡುತ್ತಿದ್ದರು. ಇರಲಿ ಬಿಡಿ, ಕೂತೇ ಇರಿ ಎಂದರು ಹೆಡ್ವಿಗ್. ಅವರು ಮಾಡಿದ ತಪ್ಪೆಂದರೆ ಆ ಕನಿಕರವೊಂದೇ. ಕಾರು ಒಳಗೆ ಬಂತು, ಹೆಡ್ವಿಗ್ ಮುಷ್ಟಿ ಎತ್ತಿದರು. ಅಷ್ಟರಲ್ಲಿ ಪತ್ನಿ ಕಿರುಚಿದರು, ಗಂಡ ಅವರ ಕಡೆ ತಿರುಗಿ ಬ್ರೇಕಿನ ಬದಲು ಪಕ್ಕದ್ದನ್ನು ತುಳಿದರು. ಕಾರಿನ ಮೂತಿ ತಗ್ಗು, ಹಾಗಾಗಿ ಹೆಡ್ವಿಗ್ ಅವರ ಮೊಣಕಾಲು ಉಳಿಯಿತು. ಅದರ ಕೆಳಗಿನ ಎಲುಬು ಹಿಂದೆ ನಿಂತಿದ್ದ ಕಾರಿನ ಬಂಪರಿಗೂ ಹಸಿರು ಮೂತಿಗೂ ನಡುವೆ ಸಿಕ್ಕಿ ಮುರಿಯಿತು.

ಆಸ್ಪತ್ರೆಯ ಖರ್ಚನ್ನು ವಿಮೆಯವರು ನೋಡಿಕೊಂಡರು, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಬೇರೆ ಕಡೆ. ಕಾರಿನವರು ಕೊಟ್ಟ ಹೇಳಿಕೆಯಲ್ಲಿ ಕೈ ಬಿಚ್ಚಿತ್ತು, ಬನ್ನಿ ಬನ್ನಿ ಎಂದು ಕರೆಯುತ್ತಿತ್ತು. ಹೆಡ್ವಿಗ್ ಹೇಳಿಕೆಯಲ್ಲಿ ಮುಷ್ಟಿ ಮುಚ್ಚಿತ್ತು. ಕಾರಿನ ಬಾಲದ ಕಡೆ ನಿಂತಿದ್ದ ಮಿರ್ಸಾದ್‌ಗೆ ಕೈ ಕಾಣುವಂತಿರಲಿಲ್ಲ. ಪತ್ನಿಯನ್ನು ಯಾರೂ ಕೇಳಲಿಲ್ಲ, ಅವರೂ ಬಾಯಿ ಬಿಡಲಿಲ್ಲ. ಟಿಕೆಟು ಕೊಂಡವರ ಮಾತಿಗೂ ಜಾಕೀಟು ತೊಟ್ಟವರ ಮಾತಿಗೂ ತೂಕ ಒಂದೇ ಎಂದು ನಂಬುವವರು ರೈಲು ಕಂಪನಿಯಲ್ಲಿ ಯಾಕಿರುತ್ತಾರೆ? ಸನ್ನೆ ಅಸ್ಪಷ್ಟವಾಗಿತ್ತು ಎಂದು ತೀರ್ಮಾನವಾಯಿತು. ಕಾಲು ಮುರಿದುಕೊಂಡವರೇ ತಪ್ಪಿತಸ್ಥರೂ ಆದರು. ಊರುಗೋಲು ಬಿಟ್ಟು ಕೆಲಸಕ್ಕೆ ಮರಳಿದ ದಿನ ಮೇಲ್ವಿಚಾರಕ ಕೀಫರ್, ಗಾಯದ ಮೇಲೆ ಬರೆ ಎಳೆದಂತೆ, ಇನ್ನು ಮೇಲೆ ನಿಮಗೆ ಬೆಳಗಿನ ಪಾಳಿ ಮಾತ್ರ ಎಂದರು. ಅಂದರೆ ಇಳಿಸುವುದು, ತಡೆ ಕೀಳುವುದು, ಕಸ ಗುಡಿಸುವುದು.

"ಕೀಫರ್ ಕೆಟ್ಟ ಮನುಷ್ಯ ಅಲ್ಲ," ಎನ್ನುತ್ತಾರೆ ಹೆಡ್ವಿಗ್. "ಕಾರಿನೋರೇ ಮಾತು ವಾಪಸ್ ತಗೊಂಡ್ರೆ ಸಂಜೆ ಪಾಳಿ ಕೊಡ್ತೀನಿ ಅಂದಿದಾರೆ. ಆದ್ರೆ ಕಾರಿನೋರ ವಿಳಾಸ ಕೊಡೋ ಹಾಗಿಲ್ವಂತೆ. ನಾನಾಗಿ ಹೋಗಿ ಮಾತಾಡ್ಸೋದೂ ತಪ್ಪಂತೆ. ಬಾವಿಗೆ ತಳ್ಳಿ, ಹಗ್ಗ ಮುಟ್ಬೇಡ ಅಂದ ಹಾಗೆ."

ಅಕ್ಟೋಬರ್‌ಗೆ ಅವರ ನಿವೃತ್ತಿ. ಅಷ್ಟರೊಳಗೆ ಒಂದೇ ಒಂದು ಸಂಜೆ ಮತ್ತೆ ಆ ಸೂರಿನ ಕೆಳಗೆ ಹಿಂದಹಿಂದಕ್ಕೆ ನಡೆಯಬೇಕು, ವ್ಯಾಗನ್ನು ತುಂಬಿಸಿ ಕಳಿಸಬೇಕು, ಆಮೇಲೆ ಜಾಕೀಟು ಕಳಚಿ ಗೂಟಕ್ಕೆ ಹಾಕಬೇಕು ಎಂಬುದು ಅವರ ಆಸೆ. ಕೈ ತಪ್ಪಿದವಳು ಎನ್ನಿಸಿಕೊಂಡು ಮನೆಗೆ ಹೋಗುವುದು ಅವರಿಗೆ ಬೇಕಿಲ್ಲ. ಹಸಿರು ಕಾರು ಕಳೆದ ಬೇಸಿಗೆಯೂ ಬಂದಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರಲ್ಲ, ಹಾಗೆ ಹಲ್ಲು ಕಚ್ಚಿಕೊಂಡು ಇಳಿಸಿ ಕಳಿಸಿದ್ದರು. ಈ ಸಲ ಸುಮ್ಮನಿರುವುದಿಲ್ಲ ಎಂದು ಚಳಿಗಾಲದಲ್ಲೇ ನಿಶ್ಚಯಿಸಿದ್ದಾರೆ.

ಮೇಲಂತಸ್ತು ಖಾಲಿಯಾಗಿ ಕೆಳಗಿನದರ ಸರದಿ ಬರುವ ಹೊತ್ತಿಗೆ ಬಿಸಿಲು ಹಳಿಯ ಮೇಲೆ ಬಿದ್ದಿದೆ. ಮುಂದಿನವರು ಹೊರಡದೆ ಹಿಂದಿನವರಿಗೆ ದಾರಿಯಿಲ್ಲ, ಆದ್ದರಿಂದ ಎಲ್ಲರಿಗೂ ಆತುರ. ಹಸಿರು ಕಾರಿನವರು ಎತ್ತರದ, ಬೆಳ್ಳಿ ಕೂದಲಿನ, ನಗುಮೊಗದ ಮನುಷ್ಯ. ಬಗ್ಗಿ ಒಳಗೆ ಹೋಗಿ, ಹೊಟ್ಟೆ ಎಳೆದುಕೊಂಡು ಸೀಟಿನಲ್ಲಿ ತೂರಿಕೊಂಡಿದ್ದಾರೆ. ವ್ಯಾಗನ್ನಿನ ಅಂಚಿಗೂ ಇಳಿಜಾರಿಗೂ ಕೂಡುವ ಕಡೆ ನೆಲ ಉಬ್ಬಿರುತ್ತದೆ, ತಗ್ಗಿನ ಕಾರಾದರೆ ಹೊಟ್ಟೆ ಕೆರೆಯುತ್ತದೆ. ಹೆಡ್ವಿಗ್ ಎರಡು ಹಲಗೆ ಎಳೆದು ತಂದು ಗಾಲಿಯ ಅಳತೆಗೆ ಹಾಸಿ, ಮುಂದೆ ನಿಂತು ಅಂಗೈ ಬಿಚ್ಚುತ್ತಾರೆ. ಕೆರೆಯಲಿ ಎಂದು ಒಂದು ಗೇಣು ಆಚೆ ಹಾಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾರು ಮಗುವನ್ನು ತೊಟ್ಟಿಲಿಗಿಳಿಸಿದಷ್ಟು ಮೆತ್ತಗೆ ನೆಲಕ್ಕಿಳಿಯುತ್ತದೆ.

ನಿಲ್ದಾಣದ ಅಂಗಳದ ಬದಿಯಲ್ಲಿ ಪತ್ನಿ ಕಾರು ಹತ್ತಿ ಕೂತಿದ್ದಾರೆ, ಗಂಡ ಹಿಂದೆ ಪೆಟ್ಟಿಗೆಯ ಪಟ್ಟಿ ಬಿಗಿಯುತ್ತಿದ್ದಾರೆ. ಹೆಡ್ವಿಗ್ ಅಲ್ಲಿಗೆ ನಡೆಯುತ್ತಾರೆ.

"ಸಾರ್, ಒಂದು ಮಾತಿತ್ತು."

"ಯಾಕೆ, ಕೆಳಗೇನಾದ್ರೂ ತಾಗ್ತಾ?" ಅವರು ಆಗಲೇ ಬಗ್ಗಿ ಕಾರಿನಡಿ ಇಣುಕುತ್ತಾರೆ.

"ಕಾರಿಗೇನೂ ಆಗಿಲ್ಲ. ಎರಡು ವರ್ಷದ ಹಿಂದೆ ಇಲ್ಲೇ, ಸಂಜೆ ಹತ್ತಿಸುವಾಗ—"

"ಅಯ್ಯೋ, ಅದನ್ನ ಯಾಕೆ ನೆನಪು ಮಾಡ್ತೀರಿ! ಯಾರೋ ಒಬ್ಬಳು ಬಾ ಬಾ ಅಂತ ಕೈ ಬೀಸಿ ಬೀಸಿ ಕರೆದ್ಲು. ಮೂತಿ ಪೂರ್ತಿ ಹೊಸದು ಮಾಡಿಸ್ದೆ. ಏನು ಮಾಡಿಸಿದ್ರೇನು, ಮೊದಲಿನ ಬಣ್ಣ ಬರ್ಲೇ ಇಲ್ಲ. ಇದಾಳಾ ಅವಳು ಇನ್ನೂ ಇಲ್ಲಿ?"

"ಇದಾಳೆ. ಬೆಳಗಿನ ಪಾಳಿ ಮಾತ್ರ."

"ಹತ್ತಿಸೋಕೆ ಬಿಡಲ್ಲ ತಾನೆ?"

"ಬಿಡಲ್ಲ."

"ಸದ್ಯ."

"ಅವಳು ನಾನೇ, ಸಾರ್."

ಅವರ ನಗು ಅರ್ಧದಲ್ಲಿ ನಿಲ್ಲುತ್ತದೆ. ಕಣ್ಣು ಹೆಡ್ವಿಗ್ ಅವರ ಕಾಲಿಗಿಳಿದು ಮತ್ತೆ ಮೇಲೆ ಬರುತ್ತದೆ.

"ಓ. ಕಾಲು... ನಡೀತಿದೀರಲ್ಲ. ಒಳ್ಳೇದಾಯ್ತು, ಒಳ್ಳೇದಾಯ್ತು."

"ಕಾಲಿನ ಮಾತು ಬಿಡಿ. ನನ್ನ ಮುಷ್ಟಿ ಮುಚ್ಚಿತ್ತು. ನೀವು ಅಮ್ಮಾವ್ರ ಕಡೆ ತಿರುಗಿದ್ರಿ. ಅದಿಷ್ಟು ಕಂಪನಿಗೆ ಹೇಳಿದ್ರೆ ಸಾಕು. ಬೇರೆ ಏನೂ ಬೇಡ ನನಗೆ."

ಆ ಮನುಷ್ಯ ಹೆಡ್ವಿಗ್ ಅವರ ಭುಜದ ಮೇಲೆ ಕೈಯಿಡುತ್ತಾರೆ. ಮಾತಿನಲ್ಲಿ ಒರಟುತನವಿಲ್ಲ, ಸಂಕಟವಾಗುವುದೇ ಅದಕ್ಕೆ. "ನೋಡಿ, ಆಗಿದ್ದು ಆಗಿಹೋಯ್ತು. ತಪ್ಪು ಯಾರಿಗಾಗಲ್ಲ ಹೇಳಿ? ನನಗೇನೂ ನಿಮ್ಮ ಮೇಲೆ ಸಿಟ್ಟಿಲ್ಲ. ನಿಜವಾಗ್ಲೂ ಇಲ್ಲ." ಇಷ್ಟು ಹೇಳಿ, ದಾರಿಗೆ ನೀರಿನ ಬಾಟಲಿ ತರುತ್ತೇನೆಂದು ಅಂಗಡಿಯ ಕಡೆ ಹೊರಟುಬಿಡುತ್ತಾರೆ. ತನ್ನ ಕಾಲು ಮುರಿದವರ ಕ್ಷಮೆಯನ್ನು ಭುಜದ ಮೇಲೆ ಹೊತ್ತು ಹೆಡ್ವಿಗ್ ನಿಂತೇ ಇರುತ್ತಾರೆ.

ಕಾರಿನ ಗಾಜು ಇಳಿದಿದೆ. ಪತ್ನಿ ನೇರ ಮುಂದಕ್ಕೆ ನೋಡುತ್ತಲೇ, ತುಟಿ ಅಲುಗಿತೋ ಇಲ್ಲವೋ ಎಂಬಂತೆ ಮಾತಾಡುತ್ತಾರೆ.

"ಮುಚ್ಚಿತ್ತು."

"ಏನಂದ್ರಿ?"

"ನಿಮ್ಮ ಮುಷ್ಟಿ. ನಾನು ನೋಡಿದ್ದೆ. ನೀವು ನಿಲ್ಲಿ ಅಂದ್ರೂ ಇವರು ನಿಲ್ಲಿಸ್ಲಿಲ್ಲ, ಅದಕ್ಕೇ ನಾನು ಕಿರುಚಿದ್ದು."

ಹೆಡ್ವಿಗ್ ಕಾರಿನ ಬಾಗಿಲು ಹಿಡಿದು ಬಗ್ಗುತ್ತಾರೆ. ಎರಡು ವರ್ಷದಿಂದ ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದಿದ್ದ ಮಾತು ಕಿವಿಗೆ ಬಿದ್ದಿದೆ. "ಅಮ್ಮಾ, ಇದನ್ನೇ ಒಂದು ಸಾಲು ಬರೆದುಕೊಡಿ. ಇಲ್ಲ, ಈಗ್ಲೇ ಕೀಫರ್ ಹತ್ರ ಬಂದು ಬಾಯಲ್ಲಿ ಹೇಳಿ. ಅಲ್ಲೇ ಇದಾರೆ, ಆ ಕೋಣೇಲಿ."

ಆಕೆ ಮೊದಲ ಸಲ ತಿರುಗಿ ಹೆಡ್ವಿಗ್ ಅವರ ಮುಖ ನೋಡುತ್ತಾರೆ. ಕಣ್ಣಲ್ಲಿ ನೀರಿದೆ. "ಎರಡು ವಾರ ಈ ಕಾರಲ್ಲಿ ಅವರ ಪಕ್ಕ ಕೂತಿರ್ಬೇಕು ನಾನು," ಎನ್ನುತ್ತಾರೆ. "ಆಮೇಲೆ ಮನೇಲೂ."

ಗಂಡ ಬಾಟಲಿ ಹಿಡಿದು ಬರುತ್ತಿದ್ದಾರೆ. ಆಕೆ ಹಿಡಿ ತಿರುಗಿಸಿ ಗಾಜು ಮೇಲೇರಿಸುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಂಜಿನ್ ಗುರುಗುಟ್ಟುತ್ತದೆ, ಸುತ್ತಲಿನವರು ಮೆಚ್ಚುಗೆಯಿಂದ ತಿರುಗಿ ನೋಡುತ್ತಾರೆ, ಹಸಿರು ಕಾರು ಗೇಟು ದಾಟಿ ದಕ್ಷಿಣಕ್ಕೆ ಹೊರಳುತ್ತದೆ.

"ಏನಂದ್ರು?" ಎಂದು ಓಡಿ ಬರುತ್ತಾರೆ ಮಿರ್ಸಾದ್.

"ಆತ ನನ್ನ ಕ್ಷಮಿಸಿದಾನಂತೆ."

ಮಿರ್ಸಾದ್ ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಬೈಯುತ್ತಾರೆ. ಅದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಹೆಡ್ವಿಗ್ ಇಷ್ಟಗಲ ನಕ್ಕು, ಮರುಕ್ಷಣವೇ ಜಾಕೀಟಿನ ತೋಳಿನಿಂದ ಕಣ್ಣು ಒರೆಸಿಕೊಂಡು, ಉಳಿದ ಕಾರುಗಳನ್ನು ಇಳಿಸಲು ಹೋಗುತ್ತಾರೆ. ಕೊನೆಯ ಕಾರು ಹೋಗಿ ಇಳಿಜಾರು ಖಾಲಿಯಾದ ಮೇಲೆ ಪತ್ರಿಕೆಯವರ ಕಡೆ ತಿರುಗಿ ಕೇಳುತ್ತಾರೆ:

"ನಿಮ್ಮ ಪೇಪರ್ ಹ್ಯಾಂಬರ್ಗಿಗೆ ಹೋಗಲ್ಲ ತಾನೆ?"

ಇಲ್ಲ, ಈ ಕಣಿವೆಯ ಆಚೆಗೆ ಹೋಗುವುದಿಲ್ಲ ಎಂದಾಗ ತಲೆಯಾಡಿಸುತ್ತಾರೆ.

"ಹಾಗಾದ್ರೆ ಆ ಹೆಂಗಸಿನ ಹೆಸರೊಂದು ಬಿಟ್ಟು ಎಲ್ಲಾ ಬರೀರಿ. ಅವರ ಸಂಸಾರ ಅವರಿಗಿರ್ಲಿ. ನನ್ನ ಹೆಸರು ಪೂರ್ತಿ ಹಾಕಿ, ಹೆಡ್ವಿಗ್ ಗ್ರೆಥರ್ ಅಂತ. ಮುಷ್ಟಿ ಮುಚ್ಚಿತ್ತು ಅಂತ ಬರೀರಿ. ಕೀಫರ್ ಶನಿವಾರದ ಪೇಪರ್ ತಪ್ಪದೆ ಓದ್ತಾರೆ."