ವಸಂತಮ್ಮ ಬಿಚ್ಚಿದ ಪೆಟ್ಟಿಗೆ

ಹೆಬ್ಬಗೋಡಿಯ ಹಳೇ ಊರಿನಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆ ನಿಂತಿರುವ ಜಾಗದಲ್ಲಿ ಮೊದಲು ವಸಂತಮ್ಮನವರ ಹುಳುಮನೆ ಇತ್ತು. ಮದುವೆಯಾಗಿ ಬಂದ ವರ್ಷದಿಂದ ಜಮೀನು ಕೈಬಿಡುವ ತನಕ, ಹದಿನಾಲ್ಕು ವರ್ಷ ಅವರು ಅಲ್ಲಿ ರೇಷ್ಮೆ ಹುಳು ಮೇಯಿಸಿದ್ದರು. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸಿ ಮಂಕಾಗುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಯಾವ ಹುಳು ಜ್ವರಕ್ಕೆ ಕೂತಿದೆ, ಯಾವುದು ಎದ್ದಿದೆ ಎಂದು ವಸಂತಮ್ಮ ಬೆರಳ ತುದಿಯಲ್ಲೇ ಹೇಳುತ್ತಿದ್ದರು.

ಜಮೀನು ಹೋಯಿತು, ಬಾಡಿಗೆ ಮನೆ ಎದ್ದಿತು. ಗಂಡ ರಾಮಾಂಜಿನಪ್ಪ ನೀರಿನ ಮೋಟರು, ಮುರಿದ ಬೀಗ, ಬಾಡಿಗೆಯವರ ತಕರಾರು ಎಂದು ದಿನ ಕಳೆಯುವುದನ್ನು ಕಲಿತರು. ವಸಂತಮ್ಮನಿಗೆ ಅದು ಒಗ್ಗಲಿಲ್ಲ. ಸಿಂಗಸಂದ್ರದ ಒಳರಸ್ತೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಕೀಟ ಸಂಶೋಧನೆಯ ಲ್ಯಾಬಿನಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿಕೊಂಡರು. ಮನೆಗಳ ಮಾಲೀಕಳು ಕಸ ಗುಡಿಸಲು ಹೋಗುವುದೆಂದರೇನು ಎಂದು ಓರಗಿತ್ತಿಯರು ಆಡಿಕೊಂಡರು. ಮನೇಲಿ ಕೂತ್ರೆ ಕೈ ಜೋಮು ಹಿಡೀತದೆ ಎಂದಷ್ಟೇ ಹೇಳಿ ಅವರು ಬಸ್ಸು ಹತ್ತುತ್ತಿದ್ದರು.

ಲ್ಯಾಬಿನ ವಿಜ್ಞಾನಿ ಪದ್ಮಾವತಿ ಒಂದು ಮಧ್ಯಾಹ್ನ ರಾಗಿ ಕಾಳಿಗಿಂತ ಚಿಕ್ಕದಾದ ಕಣಜವೊಂದನ್ನು ಸೂಜಿಗೆ ಚುಚ್ಚಿದ ಕಾಗದದ ಚೂಪು ತುದಿಗೆ ಅಂಟಿಸಲು ಒದ್ದಾಡುತ್ತಿದ್ದರು. ಆಗಲೇ ಎರಡು ಕಣಜಗಳ ರೆಕ್ಕೆ ಮುರಿದಿತ್ತು. ನೆಲ ಒರೆಸುತ್ತಿದ್ದ ವಸಂತಮ್ಮ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕೈ ತೊಳೆದು ಬಂದು, ತಾನೊಂದು ಸಲ ಮಾಡಲೇ ಎಂದು ಕೇಳಿದರು. ಒದ್ದೆ ಮಾಡಿದ ಕುಂಚದ ತುದಿಯಿಂದ ಕಣಜವನ್ನೆತ್ತಿ, ಅಂಟಿನ ಚುಕ್ಕೆಯ ಮೇಲೆ ಮಲಗಿಸಿ, ಉಸಿರು ಬಿಟ್ಟರು. ಪದ್ಮಾವತಿ ಮಸೂರದಲ್ಲಿ ನೋಡಿದರೆ ಆರೂ ಕಾಲು ನೆಟ್ಟಗಿದ್ದವು. ಆರು ತಿಂಗಳಲ್ಲಿ ಲ್ಯಾಬಿನ ಸೂಜಿಯ ಕೆಲಸವೆಲ್ಲ ಅವರ ಮೇಜಿಗೆ ಬಂತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಕೀಟಗಳ ಲ್ಯಾಟಿನ್ ಹೆಸರುಗಳನ್ನು ರಂಗೋಲಿ ಎಳೆಗಳಂತೆ ನೋಡಿ ನೋಡಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಚೀಟಿ ಬರೆಯತೊಡಗಿದರು.

ಹೊರದೇಶದಿಂದ ಬರುವ ಹುಳುಗಳ ಕಷ್ಟ ಅವರಿಗೆ ಗೊತ್ತಾದದ್ದು ಅದಾದ ಮರುವರ್ಷ. ಅಲ್ಲಿನ ಮ್ಯೂಸಿಯಮ್ಮುಗಳು ಸತ್ತು ಒಣಗಿದ ಕೀಟಗಳನ್ನು ಹೋಲಿಸಿ ನೋಡಲು ಎರವಲು ಕಳಿಸುವುದುಂಟು. ಅಂಥ ಒಂದು ಪೆಟ್ಟಿಗೆಯನ್ನು ದಾರಿಯಲ್ಲಿ ಎಲ್ಲೋ ಯಾರೋ ತಪಾಸಣೆಗೆ ತೆರೆದು, ಅವಸರದಲ್ಲಿ ಅಂಟುಪಟ್ಟಿ ಸುತ್ತಿ ಕಳಿಸಿದ್ದರು. ಲ್ಯಾಬಿಗೆ ಬಂದಾಗ ಸೂಜಿಗಳು ಕಿತ್ತು ಒಂದರ ಮೇಲೊಂದು ಉರುಳಿ, ಕಣಜಗಳು ಕಾಳುಮೆಣಸಿನ ಪುಡಿಯ ಹಾಗಾಗಿದ್ದವು. ಪದ್ಮಾವತಿ ಪೆಟ್ಟಿಗೆ ಮುಚ್ಚಿ ಆಚೆ ಹೋಗಿ ಕೂತುಬಿಟ್ಟರು. ವಸಂತಮ್ಮ ಮಸೂರದ ಕೆಳಗೆ ಮೂರು ದಿನ ಬಗ್ಗಿ, ಒಂದೊಂದು ಕಾಲು, ಒಂದೊಂದು ಮೀಸೆ ಹೆಕ್ಕಿ, ಯಾವುದು ಯಾವುದರದ್ದೆಂದು ಹೊಂದಿಸಿ, ಖಾಲಿ ಮಾತ್ರೆಗಳ ಕವಚದಲ್ಲಿಟ್ಟು ಅದರದರ ಸೂಜಿಗೇ ಚುಚ್ಚಿದರು. ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಉಳಿದವು. ಅವತ್ತಿನಿಂದ ಹೊರದೇಶದ ಪಾರ್ಸಲ್ ಬಂದರೆ ಬಿಡಿಸಿಕೊಂಡು ಬರಲು ತಾನೇ ಹೋಗುತ್ತೇನೆಂದರು.

ಮೂರು ವರ್ಷದ ಹಿಂದೆ ಆನೇಕಲ್ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ ತುಕ್ರ ಹೆಚ್ಚಿತು. ಬಿಳಿ ಹಿಟ್ಟುತಿಗಣೆ ಕುಡಿಗೆ ಕೂತು ರಸ ಹೀರಿ ಎಲೆಯನ್ನು ಮುದುಡಿಸುವ ಕಾಟ ಅದು. ಆ ತಿಗಣೆಗಳ ಹೊಟ್ಟೆಯೊಳಗೆ ಬೆಳೆದು ಅವನ್ನು ಕೊಲ್ಲುವ ಒಂದು ಕಣಜ ಪದ್ಮಾವತಿಗೆ ಸಿಕ್ಕಿತ್ತು. ಅದು ಬೇರೆ ದೇಶದಲ್ಲಿ ಗುರುತಿಸಿದ ಒಳ್ಳೆಯ ಕಣಜವೇ, ಅಥವಾ ನೋಡಲು ಅದೇ ಥರದ, ಬೇರೆ ಉಪಕಾರಿ ಕೀಟಗಳನ್ನೂ ಕೊಲ್ಲುವ ದಾಯಾದಿಯೇ ಎಂದು ತಿಳಿಯದೆ ತೋಟಕ್ಕೆ ಬಿಡುವಂತಿರಲಿಲ್ಲ. ಎರಡೂ ಜಾತಿಯ ಮೂಲ ಮಾದರಿಗಳು ಯುರೋಪಿನ ಒಂದು ಮ್ಯೂಸಿಯಮ್ಮಿನಲ್ಲಿದ್ದವು. ಎಂಟು ತಿಂಗಳು ಪತ್ರ ಬರೆದ ಮೇಲೆ ಅವರು ನಲವತ್ತೊಂದು ಕಣಜಗಳನ್ನು ಅಂಚೆಗೆ ಹಾಕಿದರು.

ಪೆಟ್ಟಿಗೆ ಬೆಂಗಳೂರಿಗೆ ಬಂದು ವಿದೇಶಿ ಟಪಾಲಿನ ಸುಂಕದ ಕಚೇರಿಯಲ್ಲಿ ಕೂತಿತು. ಕಳಿಸಿದವರು ಯಾರೋ ನಮೂನೆಯಲ್ಲಿ ‘ಜೀವಂತ ಪ್ರಾಣಿ’ ಎಂಬಲ್ಲಿ ಗುರುತು ಹಾಕಿಬಿಟ್ಟಿದ್ದರು. ಬೆಲೆ ಎಂಬಲ್ಲಿ ಸೊನ್ನೆ.

ವಸಂತಮ್ಮ ಹೊಸೂರು ರಸ್ತೆಯ ಬಸ್ಸು ಹಿಡಿದು ಹೋದರು. ಅಲ್ಲಿನ ಇನ್‌ಸ್ಪೆಕ್ಟರ್ ಕರಿಬಸಪ್ಪ, ದಾವಣಗೆರೆ ಕಡೆಯವರು, ಐವತ್ತರ ಆಸುಪಾಸಿನ ಸಾವಧಾನದ ಮನುಷ್ಯ. ಕಾಗದವನ್ನು ಎರಡು ಸಲ ಓದಿ ತಲೆಯೆತ್ತಿದರು.

“ಬೆಲೆನೇ ಇಲ್ಲ ಅಂತ ಬರ್ದಾರಲ್ಲಮ್ಮ. ಬೆಲೆ ಇಲ್ದಿರೋದನ್ನ ಸಮುದ್ರದಾಚೆಯಿಂದ ಯಾಕ ತರಿಸ್ಕೊಂತೀರಿ?”

“ಮಾರಕ್ಕಾಗಲ್ಲ ಸಾರ್, ಅದಕ್ಕೆ ಬೆಲೆ ಇಲ್ಲ ಅಂದವ್ರೆ,” ಎಂದರು ವಸಂತಮ್ಮ. “ಕಳೆದೋದ್ರೆ ಇನ್ನೊಂದು ಸಿಗಾಕಿಲ್ಲ. ಅದ್ನ ಬರೆಯಕ್ಕೆ ನಿಮ್ಮ ಕಾಗದದಾಗೆ ಜಾಗ ಇಲ್ಲ.”

ಕರಿಬಸಪ್ಪ ನಕ್ಕರು, ಆದರೆ ಬಿಡಲಿಲ್ಲ. ಕಳಿಸಿದವರಿಂದ ತಿದ್ದುಪಡಿ ಪತ್ರ ಬೇಕು, ಸಸ್ಯ ಸಂಪರ್ಕರೋಧದವರ ಒಪ್ಪಿಗೆ ಬೇಕು ಎಂದರು. ಹೊರದೇಶದ ರೋಗ, ಕೀಟ ಒಳಗೆ ನುಸುಳದಂತೆ ಕಾಯುವ ಆ ಇಲಾಖೆಯವರು, ಸತ್ತದ್ದೆಂದು ಖಾತ್ರಿ ಏನು ಎಂದು ಕೇಳಿದರು. ಮ್ಯೂಸಿಯಮ್ಮಿನವರಿಗೆ ಆಗ ರಜಾ ಕಾಲ. ಪತ್ರ ಬಂದಾಗ ಅದರಲ್ಲಿ ಸಹಿ ಇತ್ತು, ಮೊಹರಿರಲಿಲ್ಲ. ಹೀಗೆ ಹನ್ನೊಂದು ಸಲ ವಸಂತಮ್ಮ ಆ ಬಸ್ಸು ಹತ್ತಿ ಇಳಿದರು. ಒಂದು ಸಲವೂ ಅವರು ದನಿ ಏರಿಸಲಿಲ್ಲ. ಈ ಕಾಗದ ಸಾಲದು ಎಂದವರನ್ನು, ಹಾಗಾದರೆ ಯಾವುದು ಬೇಕು, ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳುತ್ತಿದ್ದರು. ಆ ಚೀಟಿ ಹಿಡಿದೇ ಮುಂದಿನ ಸಲ ಬರುತ್ತಿದ್ದರು. ಬಿಡಿಸಿಕೊಳ್ಳದ ಪೆಟ್ಟಿಗೆಯನ್ನು ಕಳಿಸಿದವರಿಗೆ ಹಿಂದಿರುಗಿಸುವ ಗಡುವು ಹತ್ತಿರವಾದಾಗ ಎರಡು ಸಲ ಬೇಡಿ ಮುಂದೂಡಿಸಿದರು. ಅತ್ತ ತೋಟಗಳಲ್ಲಿ ರೈತರು ಮುದುಡಿದ ಕುಡಿಗಳನ್ನು ಕಿತ್ತು ಸುಡುತ್ತಿದ್ದರು.

ಕೊನೆಗೆ ಎಲ್ಲ ಕಾಗದವೂ ಕೂಡಿಬಂದ ದಿನ ಒಂದೇ ಕೆಲಸ ಉಳಿದಿತ್ತು: ಪೆಟ್ಟಿಗೆ ತೆರೆದು ನೋಡುವುದು. ಕರಿಬಸಪ್ಪನವರ ಸಹಾಯಕ ಬ್ಲೇಡು ಹಿಡಿದು ಬಂದ. ವಸಂತಮ್ಮ ಪೆಟ್ಟಿಗೆಯ ಮೇಲೆ ಕೈ ಅಡ್ಡ ಇಟ್ಟರು.

“ಸಾರ್, ಬ್ಲೇಡು ಬ್ಯಾಡ. ನಿಮ್ಮ ಮುಂದೇನೇ ನಾನೇ ಬಿಚ್ತೀನಿ. ನೀವು ಒಂದೊಂದೂ ನೋಡಿ,” ಎಂದು ಕೇಳಿಕೊಂಡರು.

ಕರಿಬಸಪ್ಪ ಒಪ್ಪಿದರು. ವಸಂತಮ್ಮ ಫ್ಯಾನು ಆರಿಸಲು ಹೇಳಿದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅಂಟುಪಟ್ಟಿಯನ್ನು ಉಗುರಿನಲ್ಲಿ ತುದಿಯಿಂದ ಬಿಡಿಸಿ, ಹೊರಪೆಟ್ಟಿಗೆಯಿಂದ ಒಳಪೆಟ್ಟಿಗೆಯನ್ನು ಅಲುಗದಂತೆ ಎತ್ತಿದರು. ಅದರ ಗಾಜಿನ ಮುಚ್ಚಳ ತೆಗೆದಾಗ ನಲವತ್ತೊಂದು ಸೂಜಿಗಳು ಸಾಲಾಗಿ ನಿಂತಿದ್ದವು. ಒಂದೂ ಮುರಿದಿರಲಿಲ್ಲ. ಮಸೂರ ಕೊಟ್ಟು ನೋಡಿ ಎಂದರು. ಕರಿಬಸಪ್ಪ ಬಹಳ ಹೊತ್ತು ನೋಡಿದರು. ರೆಕ್ಕೆಯಲ್ಲಿ ಕಾಮನಬಿಲ್ಲಿನ ಬಣ್ಣ ಇದೆಯಲ್ಲಮ್ಮ ಎಂದು ಮೆಲ್ಲಗೆ ಹೇಳಿ, ಮಸೂರ ಕೆಳಗಿಟ್ಟು, ಮೊಹರಿಗೆ ಕೈ ಹಾಕಿದರು.

ಆಗಲೇ ವಸಂತಮ್ಮನ ಕಣ್ಣು ಪೆಟ್ಟಿಗೆಯ ಮೂಲೆಗೆ ಬಿತ್ತು. ಕೊನೆಯ ಸಾಲಿನ ಹಿಂದೆ, ಚೀಟಿಯ ನೆರಳಿನಲ್ಲಿ, ಎಳ್ಳಿನಷ್ಟು ಕಂದು ಬಣ್ಣದ್ದೇನೋ ಇತ್ತು. ಮೈತುಂಬ ರೋಮ. ಅವರು ನೋಡುತ್ತಿದ್ದಂತೆ ಅದು ಅರ್ಧ ಕೂದಲೆಳೆಯಷ್ಟು ಮುಂದೆ ಸರಿಯಿತು.

ಅದೇನೆಂದು ಅವರು ಯಾರನ್ನೂ ಕೇಳಬೇಕಿರಲಿಲ್ಲ. ಒಣಗಿದ ಹುಳುಗಳನ್ನು ತಿಂದು ಬದುಕುವ ಜೀರುಂಡೆಯ ಮರಿ. ಇದರ ಬಳಗದ್ದೇ ಒಂದು ಜಾತಿಯನ್ನು ಅವರು ಹಳೆಯ ದಿನಗಳಲ್ಲಿ ಗೂಡಿನ ಗೋದಾಮಿನಲ್ಲಿ ನೋಡಿದ್ದರು. ಮೂಟೆಗಟ್ಟಲೆ ರೇಷ್ಮೆ ಗೂಡು ತೂತು ಬಿದ್ದು ಹಾಳಾಗಿದ್ದನ್ನೂ ನೋಡಿದ್ದರು. ಇದು ಆ ದೇಶದ್ದು. ಇಲ್ಲಿ ಇರುವುದೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.

ಕೋಣೆಯಲ್ಲಿ ಬೇರೆ ಯಾರಿಗೂ ಅದು ಕಂಡಿರಲಿಲ್ಲ. ಮೊಹರು ಬಿದ್ದರೆ ಸಾಕು, ಒಂದು ಗಂಟೆಯಲ್ಲಿ ಪೆಟ್ಟಿಗೆ ಲ್ಯಾಬಿನಲ್ಲಿರುತ್ತದೆ; ಅಲ್ಲಿ ಆ ಮರಿಯನ್ನು ಚಿಮುಟದಲ್ಲಿ ತೆಗೆದು ಸ್ಪಿರಿಟ್ಟಿಗೆ ಹಾಕಿದರೆ ಮುಗಿಯಿತು. ಹೇಳಿದರೆ ಹನ್ನೊಂದು ಓಡಾಟವೂ ನೀರಿಗೆ ಬಿದ್ದಂತೆ. ಪೆಟ್ಟಿಗೆಯನ್ನು ವಾಪಸ್ಸು ಕಳಿಸಬಹುದು, ಸುಟ್ಟೂ ಹಾಕಬಹುದು. ಪದ್ಮಾವತಿ ಮೇಡಮ್ಮಿನ ಮುಖ ಕಣ್ಣ ಮುಂದೆ ಬಂತು. ಆದರೆ ಒಂದಿದ್ದ ಕಡೆ ಎರಡಿಲ್ಲವೆಂದು, ಬಸ್ಸಿನಲ್ಲಿ, ಚೀಲದಲ್ಲಿ, ಬಟ್ಟೆಯಲ್ಲಿ ಇನ್ನೊಂದು ಉದುರುವುದಿಲ್ಲವೆಂದು ಯಾರು ಹೇಳಿಯಾರು? ವಸಂತಮ್ಮ ಮುಚ್ಚಳವನ್ನು ಮೊದಲು ಬಿಗಿಯಾಗಿ ಮುಚ್ಚಿದರು.

“ಸಾರ್, ತಡೀರಿ. ಮೊಹರು ಒತ್ಬೇಡಿ. ಒಳಗೆ ಒಂದು ಜೀವಂತ ಉಳ ಐತೆ.”

ಕರಿಬಸಪ್ಪ ಕೈ ಹಿಂದಕ್ಕೆ ತೆಗೆದರು. ವಸಂತಮ್ಮ ಗಾಜಿನ ಮುಚ್ಚಳದ ಮೇಲಿಂದಲೇ ಬೆರಳಿಟ್ಟು ತೋರಿಸಿದರು. ಕರಿಬಸಪ್ಪ ಮಸೂರ ಹಿಡಿದು ನೋಡಿ, ಕುರ್ಚಿಗೆ ಒರಗಿದರು.

“ನಾನಂತೂ ನೋಡಿರ್ಲಿಲ್ಲಮ್ಮ. ಇದೊಂದಕ್ಕ ನಿಮ್ದೆಲ್ಲಾ ಮತ್ತ ಮೊದಲಿಂದ ಆಗ್ತದ. ಗೊತ್ತೈತಿಲ್ಲ?”

“ಗೊತ್ತೈತೆ ಸಾರ್. ಆದ್ರೂ ನನ್ನ ಕಣ್ಣಿಗೆ ಬಿತ್ತಲ್ಲ. ಇದು ಒಂದು ಗೂಡಿನ ಗೋದಾಮಿಗೆ ಒಕ್ರೆ ನೂರು ಸಂಸಾರ ಕೆಡ್ತದೆ. ನಾವು ಉಳ ಮೇಯಿಸ್ದೋರು.”

ಪೆಟ್ಟಿಗೆಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಸ್ಯ ಸಂಪರ್ಕರೋಧದವರಿಗೆ ಒಪ್ಪಿಸಲಾಯಿತು. ನಿಯಮದ ಪ್ರಕಾರ ನಾಶ ಮಾಡುವ ಮಾತು ಬಂದಾಗ, ಕರಿಬಸಪ್ಪ ತಾವೇ ಕೂತು ಒಂದು ಟಿಪ್ಪಣಿ ಬರೆದರು: ಕೀಟವನ್ನು ಪತ್ತೆ ಮಾಡಿದ್ದು ಪೆಟ್ಟಿಗೆ ತರಿಸಿಕೊಂಡವರೇ, ಅವರಾಗಿಯೇ ತಿಳಿಸಿದ್ದಾರೆ, ಆದ್ದರಿಂದ ಶೈತ್ಯದಲ್ಲಿಟ್ಟು ಶುದ್ಧ ಮಾಡಿ ಬಿಡುಗಡೆ ಮಾಡುವ ಅವಕಾಶವನ್ನು ಪರಿಶೀಲಿಸಬಹುದು. ಹೀಗೆ ಬರೆದಿದ್ದಾರೆಂದು ವಸಂತಮ್ಮನಿಗೆ ಆಗ ಗೊತ್ತಿರಲಿಲ್ಲ. ಅವರು ಬರಿಗೈಯಲ್ಲಿ ಲ್ಯಾಬಿಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದರು.

ಪದ್ಮಾವತಿಗೆ ಮೊದಲು ಸಿಟ್ಟೇ ಬಂತು. ಇಲ್ಲಿಗೆ ತಂದು ತೆಗೆಯಬಹುದಿತ್ತಲ್ಲ ಎಂದರು. ವಸಂತಮ್ಮ ತಮ್ಮ ಮೇಜಿಗೆ ಹೋಗಿ ಕೂತರು, ಆದರೆ ಅವತ್ತು ಅವರ ಕೈಯಿಂದ ಒಂದು ಸೂಜಿಯೂ ನೆಟ್ಟಗೆ ಕೂರಲಿಲ್ಲ. ಸಂಜೆ ಹೊರಡುವ ಹೊತ್ತಿಗೆ ಪದ್ಮಾವತಿ ಬಾಗಿಲ ತನಕ ಬಂದರು. “ನಾನು ಅಲ್ಲಿದ್ದಿದ್ರೆ ಬಾಯಿ ಮುಚ್ಕೊಂಡು ಬರ್ತಿದ್ದೆನೋ ಏನೋ, ವಸಂತಮ್ಮ,” ಎಂದರು. “ನೀವು ಹೋಗಿದ್ದು ಒಳ್ಳೇದಾಯ್ತು.”

ಆರು ವಾರ ಕಳೆಯಿತು. ಪೆಟ್ಟಿಗೆ ಎರಡು ಸಲ ಹುಳು ಸಾಯುವಷ್ಟು ಕೊರೆಯುವ ಚಳಿಯಲ್ಲಿ ಕೂತು, ಮತ್ತೆ ಪರೀಕ್ಷೆಯಾಗಿ ಬಿಡುಗಡೆಯಾಯಿತು. ಒಳಗೆ ಇನ್ನೂ ಎರಡು ಮರಿಗಳು ಸತ್ತು ಬಿದ್ದಿದ್ದವು. ಒಂದು ಚೀಟಿಯ ಅಡಿಯಲ್ಲಿ, ಇನ್ನೊಂದು ಪೆಟ್ಟಿಗೆಯ ಸಂದಿನಲ್ಲಿ. ಮೂರು ಕಣಜಗಳನ್ನು ಅವು ಆಗಲೇ ಒಳಗಿನಿಂದ ಕೊರೆದಿದ್ದವು. ಉಳಿದ ಮೂವತ್ತೆಂಟು ಹೋಲಿಕೆಗೆ ಸಾಕಾದವು. ಆನೇಕಲ್ಲಿನ ಕಣಜ ಆ ಒಳ್ಳೆಯ ಜಾತಿಯದೇ ಎಂದು ಖಚಿತವಾಯಿತು. ಮುಂದಿನ ಮುಂಗಾರಿನ ಹೊತ್ತಿಗೆ ಲ್ಯಾಬಿನವರು ಅದನ್ನು ಸಾಕಿ ಏಳು ತೋಟಗಳಿಗೆ ಬಿಟ್ಟರು. ಎರಡು ತೋಟದಲ್ಲಿ ಏನೂ ಆಗಲಿಲ್ಲ. ಐದರಲ್ಲಿ ಮುದುಡಿದ ಕುಡಿಗಳ ಬದಲಿಗೆ ಅಂಗೈಯಗಲದ ಎಲೆ ಬಂತು.

ಮೂವತ್ತೆಂಟನ್ನೂ ವಾಪಸ್ಸು ಕಳಿಸುವ ಪೆಟ್ಟಿಗೆಯನ್ನು ವಸಂತಮ್ಮನೇ ಕಟ್ಟಿದರು. ತಿಂದುಹೋದ ಮೂರರ ಪುಡಿಯನ್ನೂ ಕವಚದಲ್ಲಿಟ್ಟು ಕಳಿಸಿದರು. ಮ್ಯೂಸಿಯಮ್ಮಿನವರು ಬರೆದ ಉತ್ತರದಲ್ಲಿ, ಈ ಕಣಜಗಳನ್ನಿಟ್ಟಿದ್ದ ತಮ್ಮ ಕಪಾಟು ಪೂರ್ತಿ ತಪಾಸಣೆಯಾಗಿ ಇನ್ನೂ ಹನ್ನೆರಡು ಪೆಟ್ಟಿಗೆಗಳಲ್ಲಿ ಆ ಮರಿ ಸಿಕ್ಕಿತೆಂದಿತ್ತು. ಪದ್ಮಾವತಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ವಸಂತಮ್ಮ, ಸದ್ಯ, ಅವರಿಗೂ ಗೊತ್ತಾಯಿತಲ್ಲ ಎಂದರು.

ಹೋದ ವರ್ಷ ಕರಿಬಸಪ್ಪನವರಿಂದ ಲ್ಯಾಬಿಗೆ ಫೋನು ಬಂತು. ಒಂದು ಕಾಲೇಜಿಗೆ ಚಿಟ್ಟೆಗಳ ಪೆಟ್ಟಿಗೆ ಬಂದಿದೆ, ತೆರೆಯಲು ನಮ್ಮವರಿಗೆ ಧೈರ್ಯವಿಲ್ಲ, ವಸಂತಮ್ಮನವರು ಬಂದು ನಮ್ಮ ಆರು ಜನಕ್ಕೆ ಹೇಳಿಕೊಡಬಹುದೇ ಎಂದು ಕೇಳಿದರು. ಎಂದೂ ಪಾಠ ಹೇಳದ ವಸಂತಮ್ಮ ಒಂದು ವಾರ ಹೆದರಿದರು. ಆಮೇಲೆ ಸತ್ತ ಜೇನುಹುಳುಗಳನ್ನು ಸೂಜಿಗೆ ಚುಚ್ಚಿ ಆರು ಡಬ್ಬಿ ತಯಾರಿಸಿಕೊಂಡು ಹೋದರು. ಎತ್ತುವುದು ಸೂಜಿಯ ತಲೆಯನ್ನು ಹಿಡಿದು, ಹುಳುವನ್ನಲ್ಲ. ಬಿಚ್ಚುವ ಮುಂಚೆ ಫ್ಯಾನು ಆರಿಸಬೇಕು. ಮೂಲೆಗಳನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕು. ಇಷ್ಟು ಹೇಳಿ, ಒಬ್ಬೊಬ್ಬರ ಕೈಯನ್ನೂ ಹಿಡಿದು ಮಾಡಿಸಿದರು. ಮೊದಲ ಇಬ್ಬರು ಜೇನಿನ ರೆಕ್ಕೆ ಮುರಿದರು. ಪರವಾಗಿಲ್ಲ, ನನ್ನ ಹತ್ತಿರ ಇನ್ನೂ ಇವೆ ಎಂದು ವಸಂತಮ್ಮ ಇನ್ನೊಂದು ಡಬ್ಬಿ ತೆರೆದು ಅವರ ಮುಂದಿಟ್ಟರು.