ಪುಕ್ಕಟೆ ಬೇಡ, ಸಾಲ ಕೊಡಿ

ಪುಕ್ಕಟೆ ಸಿಗುವುದನ್ನು ಬೇಡವೆಂದು, ಅದನ್ನೇ ಸಾಲವಾಗಿ ಕೊಡಿ ಎಂದು ಕೇಳುವವರನ್ನು ನೀವು ಎಂದಾದರೂ ಕಂಡಿದ್ದೀರಾ?

ನಾನು ಕಂಡೆ. ಕೊಲ್ಹಾಪುರದಲ್ಲಿ, ಈ ಸಲ ಮಳೆ ಹಿಡಿಯುವ ಮುಂಚೆ. ಸಾಲ ಕೊಟ್ಟು ಕೆಟ್ಟವರನ್ನೂ, ತೆಗೆದುಕೊಂಡೇ ಇಲ್ಲ ಎಂದು ದೇವರಾಣೆ ಹಾಕುವವರನ್ನೂ ಕೋರ್ಟಿನಲ್ಲಿ ದಿನಾ ನೋಡುವ ನನ್ನಂಥ ವಕೀಲನಿಗೂ ಇದು ಹೊಸದು.

ನಮ್ಮಲ್ಲಿ ಒಂದು ವಿದ್ಯಾರ್ಥಿ ನಿಧಿ ಇದೆ. ಅನುಕೂಲಸ್ಥರು ಕೂಡಿ ಕಟ್ಟಿದ್ದು. ಪೂರ್ತಿ ಹೊತ್ತು ಕಾಲೇಜಿನಲ್ಲೇ ಓದುವ ಮಕ್ಕಳ ಫೀ, ಪುಸ್ತಕ, ಬೋರ್ಡಿಂಗಿನ ಊಟದ ಖರ್ಚು ನೋಡಿಕೊಳ್ಳುತ್ತದೆ. ಕೊಡುವ ಬಗೆ ಎರಡು. ಒಂದು ಸ್ಕಾಲರ್‌ಶಿಪ್, ಹಿಂತಿರುಗಿಸಬೇಕಾಗಿಲ್ಲ. ಇನ್ನೊಂದು ಸಾಲ, ಡಿಗ್ರಿ ಮುಗಿಸಿ ನೌಕರಿ ಹಿಡಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ತೀರಿಸಬೇಕು, ಬಡ್ಡಿಯಿಲ್ಲ. ಕಮಿಟಿಯಲ್ಲಿ ನಾನೂ ಒಬ್ಬ. (ಕಾಯಿದೆ ಬಲ್ಲವನೊಬ್ಬ ಇರಲಿ ಎಂದು ಹಾಕಿಕೊಂಡಿದ್ದಾರೆ. ಕಾಯಿದೆಯ ಮಾತು ಬಂದಾಗ ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ.)

ಸಾಮಾನ್ಯವಾಗಿ ಬಂದವರೆಲ್ಲ ಸ್ಕಾಲರ್‌ಶಿಪ್ಪನ್ನೇ ಬೇಡುತ್ತಾರೆ. ಸಿಗದವರು ಮುಖ ಸಣ್ಣದು ಮಾಡಿಕೊಂಡು ಸಾಲಕ್ಕೆ ಒಪ್ಪುತ್ತಾರೆ.

ಅಂದು ಒಳಗೆ ಬಂದವಳು ಸುಮತಿ. ಗಡಹಿಂಗ್ಲಜದ ಪಾಯಪ್ಪನವರ ಮಗಳು. (ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.) ತಂದೆಗೆ ತುಸು ಕಬ್ಬಿನ ಹೊಲ, ಪೇಟೆಯಲ್ಲಿ ಬೆಲ್ಲದ ಸಣ್ಣ ವ್ಯಾಪಾರ. ಹುಡುಗಿ ಬಂಧುಗಳ ಮನೆಯಲ್ಲಿದ್ದುಕೊಂಡು ಇಂಟರ್ ಮುಗಿಸಿದ್ದಳು, ಒಳ್ಳೆಯ ಮಾರ್ಕು. ಇನ್ನು ಬಿ.ಎ. ಓದಬೇಕು. ಯುದ್ಧದ ಈ ತುಟ್ಟಿಯ ದಿನಗಳಲ್ಲಿ ಆ ತಂದೆಯ ಕೈಯಿಂದ ಆಗುವ ಮಾತಲ್ಲ.

ಅಧ್ಯಕ್ಷರು ಭಾವುಸಾಹೇಬರು. ಇಚಲಕರಂಜಿಯಲ್ಲಿ ಮಗ್ಗದ ಕಾರಖಾನೆ ಇಟ್ಟವರು, ನಿಧಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟವರು. ಒಳ್ಳೆಯವರು. ಒಳ್ಳೆಯವರು ಎನ್ನಿಸಿಕೊಳ್ಳುವುದೂ ಅವರಿಗೆ ಇಷ್ಟ. ಮಾರ್ಕು ನೋಡಿ ಹಿಗ್ಗಿದರು.

"ಶಾಬಾಸ್! ಹೆಣ್ಣುಮಗಳು ಇಷ್ಟ ಕಲ್ತಾಳ ಅಂದ್ರ ಕೇಳೂದೇನೈತಿ? ಸ್ಕಾಲರ್‌ಶಿಪ್ ಕೊಟ್ಟಬಿಡೂಣು."

ನಾವೆಲ್ಲ ತಲೆಯಾಡಿಸಿದೆವು. ಹುಡುಗಿ ಮಾತ್ರ ಅಲ್ಲಾಡಲಿಲ್ಲ.

"ಬ್ಯಾಡ್ರಿ. ನನಗ ಸಾಲಾ ಕೊಡ್ರಿ."

ಭಾವುಸಾಹೇಬರ ನಗೆ ಅರ್ಧಕ್ಕೇ ನಿಂತಿತು. "ಅಗ ಪೋರಿ, ಪುಕ್ಕಟೆ ಕೊಡಾಕತ್ತೇವಿ. ನಮ್ಮ ರೊಕ್ಕಾ ನಿನಗ ಒಲ್ಲೆ ಆತೇನು?"

"ಹಂಗಲ್ರಿ." ಅವಳು ನೇರ ಅವರನ್ನೇ ನೋಡಿ ಹೇಳಿದಳು. "ಹಿಂದ ನಮ್ಮ ಗೆಳತಿ ಒಬ್ಬಾಕಿಗೆ ನೀವ ಸ್ಕಾಲರ್‌ಶಿಪ್ ಕೊಟ್ಟಿದ್ರಿ. ನಡುವ ಆಕಿ ಲಗ್ನಾ ಗೊತ್ತಾತು. ನೀವು ಸೀರಿ ಆಯೇರ ತಗೊಂಡು ಲಗ್ನಕ್ಕ ಬಂದ್ರಿ. ಆಕಿ ಭಾಳ ಖುಷಿಪಟ್ಳು. ಆದ್ರ ಕಾಲೇಜ ಯಾಕ ಬಿಟ್ಟಿ ಅಂತ ಯಾರೂ ಕೇಳಲಿಲ್ರಿ. ಸಾಲಾ ಕೊಟ್ಟಿದ್ರ ಕೇಳತಿದ್ರಿ."

ಯಾರಿಗೆ ಬೇಕು ಇಂಥ ಮಾತು? ನಾನು ಮೇಜಿನ ಮೇಲಿನ ಮಸಿಕುಡಿಕೆ ನೋಡುತ್ತ ಕೂತೆ. ಭಾವುಸಾಹೇಬರು ಸಿಟ್ಟಾಗುತ್ತಾರೆ, ಹುಡುಗಿಯ ಓದು ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಅವರ ಮುಖ ಕೆಂಪಾದದ್ದೂ ನಿಜ. ಆದರೆ ಬಾಯಿಂದ ಬಂದದ್ದು ಬೇರೆ.

"ಆಕಿ ಪರೀಕ್ಷಾ?"

"ಪರೀಕ್ಷಾಕ್ಕ ಕುಂಡ್ರಲೇ ಇಲ್ರಿ."

ನಿಧಿಯ ಸೆಕ್ರೆಟರಿಗಳು ಗಂಟಲು ಸರಿಮಾಡಿಕೊಂಡು, ಹೆಣ್ಣುಮಕ್ಕಳಿಗೆ ಸಾಲ ಕೊಟ್ಟ ವಾಡಿಕೆ ನಮ್ಮಲ್ಲಿಲ್ಲ ಎಂದರು. "ನಾಳೆ ಕೊಟ್ಟ ಮನಿಗೆ ಹೋಗ್ತಾಳ. ತೀರಸಾವ್ರು ಯಾರು?"

ಬಾಗಿಲ ಬಳಿ ನಿಂತಿದ್ದ ಪಾಯಪ್ಪನವರು ರುಮಾಲು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. "ನಾ ಜಾಮೀನ ನಿಲ್ತೇನ್ರಿ."

ನಾನೂ ಬಾಯಿಬಿಟ್ಟೆ. ನಿಯಮದಲ್ಲಿ ವಿದ್ಯಾರ್ಥಿ ಎಂದಿದೆಯೇ ಹೊರತು ಗಂಡು ಎಂದಿಲ್ಲ ಎಂದೆ. (ಕೊನೆಗೂ ಕಾಯಿದೆ ಕೆಲಸಕ್ಕೆ ಬಂತು!) ಭಾವುಸಾಹೇಬರು ಪೆನ್ನು ತೆಗೆದುಕೊಂಡರು. "ಬರಂ, ಆತು. ಸಾಲಾನ ಕೊಡೂಣು. ಆದ್ರ ಪ್ರತಿ ಪರೀಕ್ಷಾ ಆದ ಮ್ಯಾಲೆ ನಾ ಕೇಳಾಂವ, ನೆಪ್ಪಿರಲಿ" ಎಂದು ರುಜು ಹಾಕಿದರು. ಹುಡುಗಿ ಆಗ ನಕ್ಕಳು.

ಇಲ್ಲಿಗೇ ಮುಗಿದಿದ್ದರೆ ದಿಟ್ಟ ಹುಡುಗಿಯೊಬ್ಬಳ ಕತೆಯಾಗುತ್ತಿತ್ತು. ಮುಗಿಯಲಿಲ್ಲ.

ಸಂಜೆ ಮೋಟಾರು ಸ್ಟ್ಯಾಂಡಿನಲ್ಲಿ ಪಾಯಪ್ಪನವರು ಸಿಕ್ಕರು. ಮಗಳನ್ನು ಬಂಧುಗಳ ಮನೆಯಲ್ಲಿ ಬಿಟ್ಟು ಊರಿಗೆ ಹೊರಟಿದ್ದರು. ಪೆಟ್ರೋಲಿಲ್ಲದ ಕಾಲ, ಇದ್ದಿಲ ಗ್ಯಾಸಿನ ಮೋಟಾರು. ಕ್ಲೀನರು ಬೆಂಕಿ ಊದಿ ಊದಿ ಸುಸ್ತಾಗಿದ್ದ. ಇನ್ನೂ ತಡವಿದೆ ಎಂದು ಇಬ್ಬರೂ ಚಹಾಕ್ಕೆ ಕೂತೆವು.

ಮಗಳು ಧೈರ್ಯವಂತೆ ಎಂದೆ. ಅವರು ಕಪ್ಪಿನಿಂದ ಬಸಿಗೆ ಬಗ್ಗಿಸಿದ ಚಹಾ ಕುಡಿಯದೆ ಹಿಡಿದುಕೊಂಡೇ ಇದ್ದರು.

"ಸಾಲಾ ಕೇಳು ಅಂತ ಹೇಳಿದಾಂವ ನಾನ್ರಿ. ಆ ಗೆಳತಿ ಮಾತು ಅಷ್ಟ ಆಕೀದು. ಅದನ್ನ ಕೇಳಿ ನಾನೂ ಬೆವತೆ."

"ನೀವಾ? ಯಾಕ?"

"ನಮ್ಮ ಮನಿತನದಾಗ ಇವತ್ತಿನ ತನಕ ಯಾರೂ ಸಾಲಾ ಮಾಡಿಲ್ರಿ. ಉಪಾಸ ಬೀಳ್ರಿ, ಸಾಲಾ ಮಾಡಬ್ಯಾಡ್ರಿ ಅಂತ ನಮ್ಮಪ್ಪ ಸಾಯೂಮುಂದ ಹೇಳ್ಯಾರ. ಇವತ್ತ ನಾನ ಜಾಮೀನ ನಿಂತು ಸಹಿ ಮಾಡಿ ಬಂದೆ."

"ಮತ್ತ ಪುಕ್ಕಟೆ ಸಿಗೂದು ಯಾಕ ಬಿಟ್ರಿ?"

"ನಮ್ಮ ಅವ್ವನ ಸಲುವಾಗಿ." ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಹುಡುಗಿ ಮ್ಯಾಟ್ರಿಕ್ ಆದಾಗಿಂದ ಲಗ್ನಾ ಮಾಡು, ಲಗ್ನಾ ಮಾಡು ಅಂತ ಹಟಾ ಹಿಡದಾಳ. ಅವ್ವಗ ಇಲ್ಲ ಅನ್ನಾಕ ನನಗ ನಾಲಿಗಿ ಏಳೂದಿಲ್ರಿ. ಚಿಕ್ಕಂದಿನಿಂದ ಅಂದಾಂವ ಅಲ್ಲ. ಪುಕ್ಕಟೆ ಕಲಸಾಕತ್ತಾರ ಅಂದ್ರ, ಪುಕ್ಕಟೆ ಅಲ್ಲೇನು, ಬಿಟ್ರ ಏನ ಹೋಗತೈತಿ ಅಂತಾಳ. ಹುಡುಗಿ ಮ್ಯಾಲೆ ಸಾಲಾ ಐತಿ ಅಂದ್ರ? ಋಣಾ ಇಟಗೊಂಡ ಮೊಮ್ಮಗಳನ್ನ ಮಂದಿ ಮನಿಗೆ ಕಳಸಾಕ ಆಕಿ ಜೀವಾ ಒಪ್ಪೂದಿಲ್ರಿ."

"ಸುಮತಿಗೆ ಗೊತ್ತೈತೇನು?"

"ಇಲ್ರಿ. ಗೊತ್ತಾದ್ರ, ಅಪ್ಪಾ ಇಷ್ಟ ಅಂಜಬುರಕ ಅದಾನ ಅಂತ ತಿಳೀತೈತಿ."

ಅಂಜುಬುರುಕನೇ? ಅಪ್ಪನ ಮಾತನ್ನು ಮೀರಿದ ಮನುಷ್ಯ, ಅವ್ವನ ಮಾತನ್ನು ಮೀರಲಾಗದೆ, ಮಗಳಿಗಾಗಿ ದಾರಿ ಹುಡುಕಿಕೊಂಡಿದ್ದ. ಚಹಾದ ದುಡ್ಡು ನಾನೇ ಕೊಟ್ಟೆ. (ಅದನ್ನು ಮಾತ್ರ ಅವರು ಪುಕ್ಕಟೆ ತೆಗೆದುಕೊಂಡರು.)

ಕಳೆದ ವಾರ ಕೇಸೊಂದರ ಕೆಲಸಕ್ಕೆ ಅವರ ಊರಿಗೆ ಹೋಗಿದ್ದೆ. ಪಾಯಪ್ಪನವರು ಊಟಕ್ಕೆ ಕರೆದೊಯ್ದರು. ಪಡಸಾಲೆಯಲ್ಲಿ ಸುಮತಿಗೆ ಬೀಗಸ್ತನ ಕೇಳಿಕೊಂಡು ಮುರಗೂಡಿನಿಂದ ಬಂದ ಹಿರಿಯರೊಬ್ಬರು ಕೂತಿದ್ದರು. ಎದುರಿಗೆ ಅಜ್ಜಿ.

"ಹುಡುಗಾ ಚೊಲೋ ಅದಾನ್ರಿ, ಖರೆ. ಆದ್ರ ನಮ್ಮ ಹುಡುಗಿ ಮ್ಯಾಲೆ ಸಾಲಾ ಐತಿ. ಮಂದಿ ರೊಕ್ಕಾ ಇಟಗೊಂಡು ಲಗ್ನದ ಅಕ್ಕಿಕಾಳ ಹಾಕಸ್ಕೋಬಾರ್ದ್ರಿ" ಎನ್ನುತ್ತಿದ್ದರು ಅಜ್ಜಿ.

ಬಂದವರು ನಕ್ಕರು. "ಅದೇನ ದೊಡ್ಡ ಮಾತು? ನಾವ ತೀರಸ್ತೇವಿ ಬಿಡ್ರಿ, ಆಯಿ."

ಪಾಯಪ್ಪನವರು ನೀರಿನ ತಂಬಿಗೆ ಹಿಡಿದು ನಿಂತಲ್ಲೇ ನಿಂತರು. ಇಷ್ಟು ಸುಲಭದ ಉತ್ತರವೊಂದು ಇರಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ!

ಅಜ್ಜಿ ನೆಟ್ಟಗೆ ಕೂತರು. "ನೀವು ತೀರಸ್ತೀರಿ? ನಮ್ಮ ಮನಿ ಸಾಲಾ? ನಾವಿನ್ನ ಅಷ್ಟ ಕೆಳಗ ಇಳದಿಲ್ರಿ. ಆಕಿ ಮಾಡಿದ್ದು ಆಕಿನ ತೀರಸ್ತಾಳ. ಕಲೀತಾಳ, ನೌಕರಿ ಮಾಡ್ತಾಳ, ತೀರಸ್ತಾಳ. ಆಮ್ಯಾಲೆ ಬರ್ರಿ."

ಬಂದವರು ಉಂಡು ಹೋದರು. ಅಜ್ಜಿ ನನ್ನ ಕಡೆ ತಿರುಗಿದರು.

"ವಕೀಲಪ್ಪಾ, ನೀವು ಕೊಲ್ಹಾಪುರದಾಗ ಇರ್ತೀರಿ. ಆಕಿಗೆ ಸ್ವಲ್ಪ ಹೇಳ್ರಿ, ಲಕ್ಷ್ಯ ಕೊಟ್ಟು ಓದಬೇಕಂತ. ನಾಪಾಸ ಆದ್ರ ಸಾಲಾ ಹೆಂಗ ತೀರೂದು?"

ಹೇಳುತ್ತೇನೆ ಎಂದೆ. ಪಾಯಪ್ಪನವರು ತಂಬಿಗೆ ತುಂಬಿಯೇ ಇದ್ದರೂ ನೀರು ತರುತ್ತೇನೆಂದು ಒಳಗೆ ಹೋದರು. ಬರುವಾಗ ಕಣ್ಣು ತೊಳೆದುಕೊಂಡಂತಿತ್ತು.

ಮನೆಗೆ ಮರಳುವಾಗ ಖುಷಿಯೇ ಆಗಿತ್ತು. ಹುಡುಗಿ ಓದುತ್ತಿದ್ದಾಳೆ. ಭಾವುಸಾಹೇಬರು ಪರೀಕ್ಷೆ ಯಾವಾಗ ಎಂದು ಆಗಾಗ ವಿಚಾರಿಸುತ್ತಾರೆ. ಅಜ್ಜಿಗೂ ಈಗ ಬಿ.ಎ. ಬೇಕಾಗಿದೆ. ಇನ್ನೇನು ಬೇಕು?

ಆದರೂ ಒಂದು ಮಾತು ಕೊರೆಯುತ್ತಿದೆ. ಅದೇ ಕಮಿಟಿಯಿಂದ ಅದೇ ದಿನ ಸ್ಕಾಲರ್‌ಶಿಪ್ ಪಡೆದ ಗಂಡುಮಕ್ಕಳ ತಂದೆಯರಲ್ಲಿ ಒಬ್ಬನಾದರೂ ಮಗನ ಓದಿಗೆ ಮನೆಯಲ್ಲಿ ನೆಪ ಹುಡುಕಿದ್ದಾನೆಯೇ?

ಮಗಳು ಓದಲಿ ಎಂಬ ಅಪ್ಪನ ಮಾತು ಸಾಲದೆ, ಸಾಲ ಮಾಡಬೇಕಾಯಿತೇ?