ಎಡಗೈ ಮಡಿವಾಳಪ್ಪನ ಕಾವಲು

ಯುದ್ಧದ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಕೆಲದಿನ ತಂಗಿದ್ದ ಅಮೆರಿಕದ ಸೋಲ್ಜರುಗಳು ಹೋಗುವಾಗ ಅರಳೆ ಗಿರಣಿಯ ಆಳುಗಳಿಗೆ ಬೇಸ್‌ಬಾಲ್ ಎಂಬ ಆಟ ಅಂಟಿಸಿ ಹೋದರು. ಕೇಶ್ವಾಪುರದ ಬಯಲಿನ ನಾಲ್ಕು ಮೂಲೆಗೆ ಅರಳೆ ತುಂಬಿದ ಚೀಲ ಇಟ್ಟು ಆಡುತ್ತಿದ್ದರು. ಓಡುವವನು ಚೀಲದ ಮೇಲಿದ್ದರೆ ಬದುಕಿದ. ಬಿಟ್ಟಾಗ ಚೀಲ ಕಾಯುವವನು ಚೆಂಡು ಮುಟ್ಟಿಸಿದನೋ, ಔಟ್.

ಚೆಂಡು ಎಸೆಯುವವನು ಮಡಿವಾಳಪ್ಪ. ಎಸೆತದಲ್ಲಿ ಅಂಥ ಬಿರುಸೇನೂ ಇರಲಿಲ್ಲ. ಆದರೆ ಮೊದಲ ಚೀಲದಿಂದ ಎರಡನೆಯದಕ್ಕೆ ಕದ್ದು ಓಡಲು ಯಾರನ್ನೂ ಬಿಟ್ಟವನಲ್ಲ. ಎಡಚನಾದ್ದರಿಂದ ಎಸೆಯಲು ನಿಂತರೆ ಮೊದಲ ಚೀಲ ಕಣ್ಣೆದುರಿಗೇ. ಚೆಂಡನ್ನು ಎದೆಗವಚಿ ಕಲ್ಲಿನ ಹಾಗೆ ನಿಲ್ಲುವನು. ಒಮ್ಮೆ ಬೇಗ ಎಸೆಯುವನು, ಒಮ್ಮೆ ತಡ. ಬ್ಯಾಟಿನವನನ್ನು ನೋಡುತ್ತಲೇ ಚೀಲದ ಕಡೆ ಎಸೆಯುವನು. ಓಡುವವನಿಗೆ ಉಸಿರು ಬಿಡಲೂ ಭಯ.

ಮನೆಯಲ್ಲೂ ಅದೇ ಕಾವಲು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ತಂಗಿ ಗೌರಕ್ಕ ಇವನಿಗೆ ರೊಟ್ಟಿ ಬಡಿದು, ಬಟ್ಟೆ ಒಗೆದು ಸವೆಯುತ್ತಿದ್ದಳು. ಗಿರಣಿಯ ಶಿದ್ದಪ್ಪ ಅವಳನ್ನು ಉಡಿಕಿ ಮಾಡಿಕೊಳ್ಳುತ್ತೇನೆಂದು ಮುಂದೆ ಬಂದ. ವಿಧವೆಯ ಮರುಮದುವೆ ಅವರಲ್ಲಿ ನಡೆದು ಬಂದದ್ದೇ. ಗೌರಕ್ಕ ಜೀವ ಹಿಡಿದುಕೊಂಡಿದ್ದೇ ಆ ಮಾತಿನ ಮೇಲೆ. ಬಿಟ್ಟಿ ಆಳು ಕೈತಪ್ಪುತ್ತದಲ್ಲ, ಮಡಿವಾಳಪ್ಪ ಒಪ್ಪಿಯಾನೆಯೇ? ಜನ ಬೆನ್ನುಬಿದ್ದಾಗ ನಕ್ಕ.

"ಶಿದ್ದಪ್ಪ ನನ್ನ ಕಣ್ಣು ತಪ್ಪಿಸಿ ಎರಡನೇ ಚೀಲ ಮುಟ್ಟಲಿ. ಮರುದಿನಾನ ಉಡಿಕಿ ಮಾಡಿಕೊಡ್ತೇನಿ."

ತಂಗಿಯ ಬಾಳನ್ನು ಆಟಕ್ಕಿಟ್ಟ ಈ ಪುಣ್ಯಾತ್ಮನಿಗೆ ಬಯಲೆಲ್ಲ ಶಹಬ್ಬಾಸ್ ಅಂದಿತು!

ರವಿವಾರ ಗೌರಕ್ಕ ಬುತ್ತಿ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದಳು. ಶಿದ್ದಪ್ಪ ಮೊದಲ ಚೀಲ ಸೇರಿ ಎರಡು ಹೆಜ್ಜೆ ಮುಂದಿಟ್ಟ. ಚೆಂಡು ಬಂತು, ಎದೆಯೂರಿ ಬಿದ್ದು ಚೀಲ ಅಪ್ಪಿಕೊಂಡ. ಎದ್ದ, ಮತ್ತೆ ಮುಂದಿಟ್ಟ, ಮತ್ತೆ ಬಿದ್ದ. ಹೀಗೆ ನೆಲಕ್ಕೆ ಉಜ್ಜಿ ಉಜ್ಜಿ ಕೊರಳ ಶಿವದಾರ ಹರಿಯಿತು. ಅವನು ಇನ್ನೊಮ್ಮೆ ಚೀಲ ಬಿಟ್ಟು ನಿಂತಾಗ ಇಷ್ಟಲಿಂಗದ ಕರಡಿಗೆ ಮಣ್ಣಿಗೆ ಬಿದ್ದು ಉರುಳಿತು.

ಲಿಂಗ ನೆಲಕ್ಕೆ ಬಿದ್ದರೆ ಲಿಂಗವಂತನಿಗೆ ಬೇರೇನು ತೋಚೀತು? ಶಿದ್ದಪ್ಪ ಆಟ ಮರೆತು ಬಾಗಿದ. ಮಡಿವಾಳಪ್ಪನ ಕೊರಳಲ್ಲೂ ಲಿಂಗವಿತ್ತು. ಅವನು ಕಂಡ, ಶಿದ್ದಪ್ಪನ ಎರಡೂ ಕೈ ಮಣ್ಣಿಗೆ ತಾಗುವತನಕ ಕಾದ, ಎಸೆದ.

ಚೀಲ ಕಾಯುತ್ತಿದ್ದ ಅಹಮದಸಾಬ ಚೆಂಡು ಹಿಡಿದರೂ ಮುಟ್ಟಿಸದೆ ನಿಂತ. "ದೇವರನ್ನ ಎತ್ಕೊಳ್ಳಾಕತ್ತಾನ, ಮಡಿವಾಳಪ್ಪಾ!"

"ಮುಟ್ಟಸೋ!" ಎಂದು ಮಡಿವಾಳಪ್ಪ ಗದರಿದ.

ಅಹಮದಸಾಬ ಮುಖ ತಿರುಗಿಸಿಕೊಂಡು ಮುಟ್ಟಿಸಿದ. ಕರಡಿಗೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ ಶಿದ್ದಪ್ಪ ಔಟ್.

ಅಣ್ಣನಿಗೆ ಎಂದೂ ಎದುರು ಮಾತಾಡದ ಗೌರಕ್ಕ ಬುತ್ತಿ ಕೆಳಗಿಟ್ಟು ಬಯಲಿಗೇ ನುಗ್ಗಿದಳು.

"ಲಿಂಗ ಬಿದ್ದದ್ದು ನೀ ನೋಡ್ಲಿಲ್ಲೇನು? ಇನ್ನೊಮ್ಮಿ ಓಡ್ಲಿ, ಅಣ್ಣಾ."

"ನೋಡೇನಿ. ಎಲ್ಲಾರೂ ನೋಡ್ಯಾರ." ಮಡಿವಾಳಪ್ಪ ಜನರ ಕಡೆ ತಿರುಗಿದ. "ಲಿಂಗ ನೆಲಕ್ಕ ಕೆಡವಿದವಗ ನಾ ತಂಗೀನ್ನ ಹೆಂಗ ಕೊಡ್ಲಿ? ನೀವ ಹೇಳ್ರಿ."

ಹಿರಿಯರು ಹೌದೌದೆಂದು ತಲೆಯಾಡಿಸಿದರು. ಮಡಿವಾಳಪ್ಪ ನೆರಳಿಗೆ ಹೋಗಿ ಕೂತು, ಬುತ್ತಿ ಬಿಚ್ಚೆಂದು ತಂಗಿಗೆ ಸನ್ನೆ ಮಾಡಿದ. ಗೌರಕ್ಕ ಬಿಚ್ಚಿದಳು.